ಕಾಟರಿ ಯಂತ್ರ ಬಿಚ್ಚುವ ಮುನ್ನ

ಆಪರೇಷನ್ ಥಿಯೇಟರಿನಲ್ಲಿ ‘ಕಾಟರಿ’ ಎಂದರೆ ಎಲ್ಲರಿಗೂ ಗೊತ್ತು. ಸರ್ಜನ್ ಕೈಯಲ್ಲೊಂದು ಪೆನ್ಸಿಲ್, ಕಾಲಡಿಯಲ್ಲಿ ಪೆಡಲ್, ರೋಗಿಯ ತೊಡೆಗೆ ಅಂಟಿಸಿದ ಪ್ಲೇಟ್, ಇವೆಲ್ಲದರ ಹಿಂದೆ ಟ್ರಾಲಿಯ ಮೇಲೆ ಕೂತ ಒಂದು ಪೆಟ್ಟಿಗೆ. ಸಿಸೇರಿಯನ್‌ನಿಂದ ಹಿಡಿದು ಮಿದುಳಿನ ಗಡ್ಡೆ ತೆಗೆಯುವವರೆಗೆ ಈ ಎಲೆಕ್ಟ್ರೋಸರ್ಜಿಕಲ್ ಜನರೇಟರ್ ಇಲ್ಲದೆ ದೊಡ್ಡ ಶಸ್ತ್ರಚಿಕಿತ್ಸೆ ನಡೆಯುವುದು ಅಪರೂಪ. ರೋಗಿಗೆ ಸುಟ್ಟಗಾಯವಾಗದಂತೆ ಇದನ್ನು ಬಳಸುವುದು ಹೇಗೆ ಎಂದು ಸರ್ಜನ್ನರಿಗೂ ನರ್ಸುಗಳಿಗೂ ಪಾಠಗಳಿವೆ, ಪೋಸ್ಟರುಗಳಿವೆ. ಅದು ಕೆಟ್ಟಾಗ ಮುಚ್ಚಳ ಬಿಚ್ಚಿ ಒಳಗೆ ಕೈಹಾಕುವವರ ಬಗ್ಗೆ ಮಾತಾಡುವವರು ಕಡಿಮೆ. ಆ ಕೆಲಸ ಆಸ್ಪತ್ರೆಯ ಬಯೋಮೆಡಿಕಲ್ ಎಂಜಿನಿಯರ್ ಪಾಲಿಗೆ ಬರುತ್ತದೆ, ಇಲ್ಲವೇ ಕಂಪನಿಯ ಸರ್ವಿಸ್ ಎಂಜಿನಿಯರ್ ಪಾಲಿಗೆ. ಸಣ್ಣ ಊರುಗಳಲ್ಲಾದರೆ ಯುಪಿಎಸ್, ಸ್ಟೆಬಿಲೈಸರುಗಳ ಜತೆಗೆ ಇದನ್ನೂ ಒಪ್ಪಿಕೊಳ್ಳುವ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಪಾಲಿಗೆ.

ಪೆಟ್ಟಿಗೆಯ ಮೇಲೆ ಹಳದಿ ತ್ರಿಕೋನದೊಳಗೆ ಮಿಂಚಿನ ಗುರುತು ಇರುತ್ತದೆ. ಅದನ್ನು ಕಂಡವರ ಮನಸ್ಸು ಹೋಗುವುದು ಪೆನ್ಸಿಲ್ ತುದಿಗೆ ಬರುವ ಸಾವಿರಾರು ವೋಲ್ಟಿನ ಕಡೆಗೆ. ಅದು ಅಪಾಯಕಾರಿ, ಸಂಶಯವಿಲ್ಲ. ಆದರೆ ರಿಪೇರಿ ಮಾಡುವವರ ಪ್ರಾಣಕ್ಕೆ ಎರವಾಗುವ ಸಂಭವ ಹೆಚ್ಚಿರುವುದು ಅದರಿಂದಲ್ಲ. ಅದೇ ಪೆಟ್ಟಿಗೆಯ ಪವರ್ ಸಪ್ಲೈನಲ್ಲಿ ಸದ್ದಿಲ್ಲದೆ ಕೂತಿರುವ 325 ವೋಲ್ಟಿನಿಂದ. ಇಲ್ಲಿ ಮೂರು ಬಗೆಯ ವಿದ್ಯುತ್ ಒಟ್ಟಿಗೇ ವಾಸವಾಗಿದೆ. ಗೋಡೆಯ ಸಾಕೆಟ್‌ನಿಂದ ಬರುವ 230 ವೋಲ್ಟ್, 50 ಹರ್ಟ್ಸ್‌ನ ಎಸಿ ಒಂದು. ಅದನ್ನು ರೆಕ್ಟಿಫೈ ಮಾಡಿ ಕೆಪಾಸಿಟರುಗಳಲ್ಲಿ ತುಂಬಿಟ್ಟ ಡಿಸಿ ಇನ್ನೊಂದು. ಕೊನೆಯದು ರೋಗಿಯ ಮೈಗೆ ಹೋಗುವ ಆರ್‌ಎಫ್, ಅಂದರೆ ಅಧಿಕ ಆವರ್ತನದ ವಿದ್ಯುತ್. ಮೂರೂ ಮೈಗೆ ಮಾಡುವ ಕೆಡುಕು ಬೇರೆ ಬೇರೆ. ಒಂದರಿಂದ ಕಾಪಾಡುವ ಉಪಾಯ ಇನ್ನೊಂದರ ಮುಂದೆ ಕೆಲಸಕ್ಕೆ ಬಾರದು, ಕೆಲವು ಸಲ ಅದೇ ಅಪಾಯ ತರುತ್ತದೆ. ‘ಹುಷಾರಾಗಿರಿ’ ಎಂಬ ಒಂದೇ ಮಾತು ಇಲ್ಲಿ ಸಾಲದಿರುವುದು ಇದಕ್ಕೇ.

ಕೊನೆಯದರಿಂದಲೇ ಶುರುಮಾಡೋಣ, ಹೆಸರು ಕೆಟ್ಟಿರುವುದು ಅದರದೇ ಆದ್ದರಿಂದ. ಆವರ್ತನ ಸೆಕೆಂಡಿಗೆ 10,000 ಆವೃತ್ತಿಗಳನ್ನು ದಾಟಿದರೆ ವಿದ್ಯುತ್ತು ಸ್ನಾಯುಗಳನ್ನು ಸೆಟೆಸುವುದಿಲ್ಲ ಎಂದು ಫ್ರಾನ್ಸಿನ ಡಾರ್ಸೊನ್ವಾಲ್ 1890ರ ದಶಕದ ಆರಂಭದಲ್ಲೇ ತೋರಿಸಿದ್ದರು. ಆ ತಿಳಿವಳಿಕೆಯ ಮೇಲೆ ಸಸ್ಯಶರೀರಶಾಸ್ತ್ರ ಓದಿದ್ದ ವಿಲಿಯಂ ಬೋವಿ ಯಂತ್ರ ಕಟ್ಟಿದರು. 1926ರ ಅಕ್ಟೋಬರ್ 1ರಂದು ಬಾಸ್ಟನ್‌ನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್ ಅದನ್ನು ಬಳಸಿ, ಹಿಂದೆ ರಕ್ತಸ್ರಾವಕ್ಕೆ ಹೆದರಿ ಕೈಬಿಟ್ಟಿದ್ದ ತಲೆಯ ಗಡ್ಡೆಯೊಂದನ್ನು ತೆಗೆದರು. ಆ ದಿನಗಳಲ್ಲಿ ಒಮ್ಮೆ ಕುಶಿಂಗ್ ಅವರಿಗೇ ಶಾಕ್ ಹೊಡೆಯಿತು. ವಿದ್ಯುತ್ತು ಲೋಹದ ರಿಟ್ರ್ಯಾಕ್ಟರ್‌ನಿಂದ ತೋಳಿಗೆ ಹತ್ತಿ, ಹಣೆಯ ದೀಪದ ವೈರಿನ ಮೂಲಕ ಹೊರಹೋಗಿತ್ತು. ತನಗೆ ಹಾಕಿಕೊಟ್ಟ ದಾರಿ ಬಿಟ್ಟು ಸಿಕ್ಕಿದ ದಾರಿ ಹಿಡಿಯುವ ಈ ಗುಣ ನೂರು ವರ್ಷಗಳಲ್ಲಿ ಬದಲಾಗಿಲ್ಲ.

ಇಂದಿನ ಜನರೇಟರುಗಳು ಸಾಮಾನ್ಯವಾಗಿ 300ರಿಂದ 500 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಕೊಯ್ಯುವ ಕಟ್ ಮೋಡ್‌ನಲ್ಲಿ ಸುಮಾರು 300 ವಾಟ್‌ವರೆಗೆ ಶಕ್ತಿ, ಎರಡು ಸಾವಿರ ವೋಲ್ಟ್ ಸುಮಾರಿನ ಏರಿಳಿತ. ರಕ್ತ ಹೆಪ್ಪುಗಟ್ಟಿಸುವ ಕೋಯಾಗ್ ಮೋಡ್‌ನಲ್ಲಿ ವಾಟ್ ಕಡಿಮೆ, ವೋಲ್ಟ್ ವಿಪರೀತ. ಸ್ಪ್ರೇ ಮೋಡ್ ಇರುವ ಕೆಲವು ಮಾದರಿಗಳಲ್ಲಿ ತೆರೆದ ತುದಿಯಲ್ಲಿ ಶಿಖರದಿಂದ ಶಿಖರಕ್ಕೆ 8,000 ವೋಲ್ಟ್ ದಾಟುತ್ತದೆ. ಇದು ಕೈಗೆ ತಗುಲಿದರೆ ಜುಮ್ಮೆನ್ನುವುದಿಲ್ಲ, ಕೈ ತಾನಾಗಿ ಹಿಂದಕ್ಕೆ ಹಾರುವುದೂ ಇಲ್ಲ. ಸುಡುತ್ತದೆ, ಅಷ್ಟೇ. ಸೂಜಿಮೊನೆಯಷ್ಟು ಜಾಗದಲ್ಲಿ ತಗುಲಿದಾಗ ಕರೆಂಟೆಲ್ಲ ಅಲ್ಲೇ ನುಗ್ಗುವುದರಿಂದ ಮೇಲೆ ಬಿಳಿ ಚುಕ್ಕೆ, ಒಳಗೆ ಆಳದ ಗಾಯ. ಸುಡುವುದು ಗೊತ್ತಾಗುವಷ್ಟರಲ್ಲಿ ಸುಟ್ಟಾಗಿರುತ್ತದೆ.

ವೈರಿನ ಮೇಲೆ ಇನ್ಸುಲೇಷನ್ ಇದೆಯಲ್ಲ, ಕೈಗೆ ಗ್ಲೌಸ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಗ್ಲೌಸ್ ಹಾಕಿದ ಕೈಯಿಂದ ಲೋಹದ ಹಿಡಿಯೊಂದನ್ನು ಹಿಡಿದರೆ ನಡುವಿನ ತೆಳು ರಬ್ಬರ್ ಒಂದು ಕೆಪಾಸಿಟರ್ ಆಗುತ್ತದೆ. ಅದರ ಬೆಲೆ 100 ಪಿಕೋಫ್ಯಾರಡ್ ಎಂದು ಹಿಡಿಯೋಣ. ಮನೆಯ 50 ಹರ್ಟ್ಸ್ ಕರೆಂಟಿಗೆ ಅದು ಮೂರು ಕೋಟಿ ಓಮ್‌ಗೂ ಮೀರಿದ ಅಡ್ಡಗೋಡೆ. 1,000 ವೋಲ್ಟ್ ಕೊಟ್ಟರೂ ಹರಿಯುವುದು ಕೆಲವೇ ಹತ್ತು ಮೈಕ್ರೋಆಂಪಿಯರ್. ಅದೇ ಗ್ಲೌಸ್ 400 ಕಿಲೋಹರ್ಟ್ಸ್‌ಗೆ ಬರೀ 4,000 ಓಮ್. ಅಷ್ಟೇ ವೋಲ್ಟಿಗೆ ಕಾಲು ಆಂಪಿಯರ್ ಹರಿಯುತ್ತದೆ. ಚರ್ಮ ಸುಡಲು ಅದು ಧಾರಾಳ. ಹಾಗಾಗಿ ಆರ್‌ಎಫ್ ವಿಷಯದಲ್ಲಿ ನಂಬಬಹುದಾದ ಇನ್ಸುಲೇಷನ್ ಎಂದರೆ ದೂರ. ಯಂತ್ರ ಆನ್ ಆಗಿರುವಾಗ ಔಟ್‌ಪುಟ್ ಲೀಡನ್ನು ಕೈಯಲ್ಲಿ ಹಿಡಿಯಬಾರದು, ಲೋಹದ ಮೇಜಿನ ಮೇಲೆ ಚೆಲ್ಲಬಾರದು, ಉದ್ದವಾಯಿತೆಂದು ಸುರುಳಿ ಸುತ್ತಿ ಕ್ಲಿಪ್ ಹಾಕಬಾರದು. ರಿಪೇರಿ ಮೇಜಿನ ಹಲಗೆ ಮರದ್ದೋ ಲ್ಯಾಮಿನೇಟಿನದೋ ಆಗಿರಬೇಕು. ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಮೇಜಿನ ಹತ್ತಿರ ಕೆಲಸಕ್ಕೆ ನಿಲ್ಲಬಾರದು.

ಇನ್ನು ಜೀವಕ್ಕೆ ಕುತ್ತು ತರುವ ಭಾಗ. 50 ಹರ್ಟ್ಸ್ ಕರೆಂಟು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹಾದರೆ ಹೃದಯ ಲಯ ತಪ್ಪಲು 50ರಿಂದ 100 ಮಿಲಿಆಂಪಿಯರ್ ಸಾಕು. ಆದ್ದರಿಂದ ಮೊದಲ ನಿಯಮ ಸ್ವಿಚ್ ಆಫ್ ಮಾಡುವುದಲ್ಲ, ಪ್ಲಗ್ ಕೀಳುವುದು. ಮುಂಭಾಗದ ಸ್ವಿಚ್ ಆಫ್ ಇದ್ದರೂ ಹಿಂದಿನ ಇನ್‌ಲೆಟ್, ಫ್ಯೂಸ್ ಹೋಲ್ಡರ್, ಲೈನ್ ಫಿಲ್ಟರ್, ಸ್ವಿಚ್‌ನ ಒಂದು ಬದಿ, ಇಷ್ಟರಲ್ಲೂ ಕರೆಂಟ್ ಇದ್ದೇ ಇರುತ್ತದೆ. ಕಿತ್ತ ಪ್ಲಗ್ ರಿಪೇರಿ ಮಾಡುವವರ ಕಣ್ಣೆದುರಿಗೇ ಬಿದ್ದಿರಬೇಕು. ಮೇಜಿನ ಹಿಂದೆ ಜೋತುಬಿಟ್ಟರೆ, ಫೋನ್ ಚಾರ್ಜಿಗೆ ಹಾಕಲು ಬಂದ ಇನ್ಯಾರೋ ಅದನ್ನೇ ಸಿಕ್ಕಿಸಿ ಹೋಗಬಹುದು.

ಸತ್ತಂತೆ ಕಾಣುವ ಯಂತ್ರದ ಮೇಲೆ ಹೆಚ್ಚು ಗುಮಾನಿ ಬೇಕು. ಈ ಯಂತ್ರಗಳಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ ಎರಡಕ್ಕೂ ಫ್ಯೂಸ್ ಇರುತ್ತದೆ. ನ್ಯೂಟ್ರಲ್ ಕಡೆಯ ಫ್ಯೂಸ್ ಮಾತ್ರ ಹೋದರೆ ದೀಪ ಹತ್ತುವುದಿಲ್ಲ, ಫ್ಯಾನ್ ತಿರುಗುವುದಿಲ್ಲ, ಆದರೆ ಫೇಸ್ ಒಳಗೆಲ್ಲ ಬಂದು ನಿಂತಿರುತ್ತದೆ. ‘ಕರೆಂಟೇ ಹೋಗ್ತಿಲ್ಲ ಸಾರ್’ ಎಂದು ವಾರ್ಡ್‌ಬಾಯ್ ಹೇಳಿದ್ದನ್ನು ನಂಬಿ ಕೈಹಾಕುವವರಿಗೆ ಇದು ಪಾಠ ಕಲಿಸುತ್ತದೆ. ವೈರಿಂಗ್ ತಪ್ಪಿ ಫೇಸ್–ನ್ಯೂಟ್ರಲ್ ಅದಲುಬದಲಾದ ಸಾಕೆಟುಗಳೂ ನಮ್ಮಲ್ಲಿ ಅಪರೂಪವಲ್ಲ.

ಪ್ಲಗ್ ಕಿತ್ತ ಮೇಲೂ ಅಪಾಯ ಒಳಗೇ ಉಳಿದಿರುತ್ತದೆ. 230 ವೋಲ್ಟ್ ಎಸಿಯನ್ನು ನೇರವಾಗಿ ರೆಕ್ಟಿಫೈ ಮಾಡಿದರೆ ಸುಮಾರು 325 ವೋಲ್ಟ್ ಡಿಸಿ. ಅದು 1,000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಬ್ಯಾಂಕಿನಲ್ಲಿ ತುಂಬಿದ್ದರೆ ಅಡಗಿರುವ ಶಕ್ತಿ 53 ಜೂಲ್ ಸುಮಾರು. ತೆರೆದ ಎದೆಯಲ್ಲಿ ಹೃದಯಕ್ಕೇ ಪ್ಯಾಡಲ್ ಇಟ್ಟು ಕೊಡುವ ಡಿಫಿಬ್ರಿಲೇಟರ್ ಶಾಕಿಗೆ ಸಾಮಾನ್ಯವಾಗಿ ವಿಧಿಸಿರುವ ಮಿತಿ 50 ಜೂಲ್. ಇದನ್ನು ಹೇಳಿದರೆ ಆಸ್ಪತ್ರೆಯವರಿಗೆ ಬೇರೇನೂ ವಿವರಿಸಬೇಕಾಗಿಲ್ಲ. ಈ ಕೆಪಾಸಿಟರನ್ನು ತಾನಾಗಿ ಖಾಲಿಮಾಡಲು ಬ್ಲೀಡರ್ ರೆಸಿಸ್ಟರ್ ಇಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಯಲ್ಲಿ ಕೂತು ಆ ರೆಸಿಸ್ಟರ್ ಓಪನ್ ಆಗಿದ್ದರೆ ಯಂತ್ರ ಎಂದಿನಂತೆಯೇ ಓಡುತ್ತದೆ, ದೋಷ ಹೊರಗೆ ಕಾಣುವುದಿಲ್ಲ. ಸರ್ವಿಸ್ ಮ್ಯಾನ್ಯುಯಲ್‌ಗಳು ಐದು ನಿಮಿಷ ಕಾಯಿರಿ ಎನ್ನುವುದು ಬ್ಲೀಡರ್ ಸರಿಯಿದ್ದರೆ ಎಂಬ ಷರತ್ತಿನ ಮೇಲೆ. ಆ ಷರತ್ತು ಅಲ್ಲಿ ಬರೆದಿರುವುದಿಲ್ಲ.

ಖಾಲಿಮಾಡುವ ಸರಿಯಾದ ದಾರಿ ಹೀಗೆ: 2 ಕಿಲೋ ಓಮ್, 25 ವಾಟ್‌ನ ವೈರ್‌ವೌಂಡ್ ರೆಸಿಸ್ಟರ್, ಎರಡು ತುದಿಗೂ ಚೆನ್ನಾಗಿ ಇನ್ಸುಲೇಟ್ ಆದ ವೈರು ಮತ್ತು ಪ್ರೋಬ್. ಮೇಲಿನ ಲೆಕ್ಕದ ಕೆಪಾಸಿಟರಿಗೆ ಇದನ್ನು ಹತ್ತು ಸೆಕೆಂಡ್ ಹಿಡಿದರೆ ವೋಲ್ಟೇಜು ಎರಡು ಮೂರಕ್ಕೆ ಇಳಿಯುತ್ತದೆ. ಹಿಡಿಯುವಾಗ ಎಡಗೈ ಜೇಬಿನಲ್ಲಿರಲಿ ಎಂದು ಹಳಬರು ಹೇಳುವುದು ತಮಾಷೆಗಲ್ಲ. ಎರಡೂ ಕೈ ಒಳಗಿದ್ದರೆ ದಾರಿ ಎದೆಯ ಮೂಲಕ. ಆಮೇಲೆ ಮೀಟರಿನಿಂದ ಅಳೆಯಬೇಕು. ಅದಕ್ಕೂ ಕ್ರಮವಿದೆ: ಮೊದಲು ಕರೆಂಟಿರುವುದು ಖಚಿತವಿರುವ ಜಾಗದಲ್ಲಿ ಮೀಟರ್ ಸರಿಯಿದೆಯೇ ನೋಡಿ, ನಂತರ ಕೆಪಾಸಿಟರ್ ಅಳೆದು, ಮತ್ತೆ ಮೊದಲಿನ ಜಾಗದಲ್ಲಿ ನೋಡಬೇಕು. ನಡುವೆ ಮೀಟರೋ ಅದರ ಲೀಡೋ ಕೈಕೊಟ್ಟಿದ್ದರೆ ಸೊನ್ನೆ ತೋರಿಸುವುದು ಮೀಟರಿನ ಸಾವು, ಕೆಪಾಸಿಟರಿನದಲ್ಲ. ನೂರಿನ್ನೂರು ರೂಪಾಯಿಯ ಹಳದಿ ಮೀಟರಿಗೆ ಈ ಕೆಲಸದಲ್ಲಿ ಜಾಗವಿಲ್ಲ. ಇಷ್ಟಾದರೂ ದೊಡ್ಡ ಕೆಪಾಸಿಟರುಗಳು ತುಸು ಹೊತ್ತಿನಲ್ಲಿ ತಾವಾಗಿ ಒಂದಿಷ್ಟು ವೋಲ್ಟೇಜ್ ಮರಳಿ ತಂದುಕೊಳ್ಳುತ್ತವೆ. ಕೆಲಸ ಮುಗಿಯುವವರೆಗೆ ರೆಸಿಸ್ಟರನ್ನು ಅಲ್ಲೇ ಕ್ಲಿಪ್ ಮಾಡಿಟ್ಟರೆ ನಿಶ್ಚಿಂತೆ. ಸ್ಕ್ರೂಡ್ರೈವರ್ ಅಡ್ಡವಿಟ್ಟು ‘ಟಪ್’ ಎನ್ನಿಸುವುದು ಗಂಡಸುತನವೆಂದುಕೊಂಡವರು ಇನ್ನೂ ಇದ್ದಾರೆ. ಹಾರುವ ಲೋಹದ ಕಣ ಕಣ್ಣಿಗೆ ಬೀಳುತ್ತದೆ, ಕೆಪಾಸಿಟರಿನ ಒಳಸಂಪರ್ಕ ಸಡಿಲವಾಗುತ್ತದೆ. ಟಪ್ ಎಂಬ ಸದ್ದು ಬರದಿದ್ದರೆ ಖಾಲಿಯಾಗಿದೆ ಎಂಬ ಭರವಸೆಯೂ ಇಲ್ಲ.

ಹಳೆಯ ಯಂತ್ರಗಳಿಗೆ ಇದರ ಮೇಲೆ ಇನ್ನೊಂದು ಮಾತು ಸೇರಿಸಬೇಕು. 1970ರ ದಶಕದಲ್ಲಿ ಟ್ರಾನ್ಸಿಸ್ಟರ್ ಜನರೇಟರುಗಳು ಬರುವವರೆಗೆ ಆಳಿದ್ದು ಸ್ಪಾರ್ಕ್ ಗ್ಯಾಪ್ ಮತ್ತು ವಾಲ್ವ್ ಯಂತ್ರಗಳು. ಕಳಚಿ ಮೂಲೆಗಿಟ್ಟ ಅಂಥವು ಹಳೆಯ ನರ್ಸಿಂಗ್ ಹೋಂಗಳ ಸ್ಟೋರ್ ರೂಮುಗಳಲ್ಲೂ ಕಾಲೇಜುಗಳ ಲ್ಯಾಬುಗಳಲ್ಲೂ ಸಿಗುತ್ತವೆ. ಸ್ಪಾರ್ಕ್ ಗ್ಯಾಪ್ ಯಂತ್ರದ ಟ್ರಾನ್ಸ್‌ಫಾರ್ಮರ್ ಮನೆಯ ಕರೆಂಟನ್ನೇ ಎರಡು ಸಾವಿರ ವೋಲ್ಟ್ ಸುಮಾರಿಗೆ ಏರಿಸುತ್ತದೆ, ಆವರ್ತನ ಮಾತ್ರ ಅದೇ 50 ಹರ್ಟ್ಸ್. ಅಂದರೆ ವೋಲ್ಟೇಜ್ ಆರ್‌ಎಫ್‌ನದು, ಕೊಲ್ಲುವ ಗುಣ ಮೇನ್ಸ್‌ನದು. ಗ್ಯಾಪ್ ಅಡ್ಜಸ್ಟ್ ಮಾಡಲು ಕಿಡಿ ನೋಡುತ್ತ ಸ್ಕ್ರೂ ತಿರುಗಿಸುವುದು ಆ ಕಾಲದ ರೂಢಿಯಾಗಿತ್ತು. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಆ ಕಾಲದ ಎಣ್ಣೆ ತುಂಬಿದ ಕೆಪಾಸಿಟರುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಇರಬಹುದು. ಕೆಲವು ಆರ್‌ಎಫ್ ಟ್ರಾನ್ಸಿಸ್ಟರುಗಳ ಬಿಳಿ ಪಿಂಗಾಣಿ ಬೆರಿಲಿಯಂ ಆಕ್ಸೈಡಿನದು, ಒಡೆದರೆ ಅದರ ಪುಡಿ ಶ್ವಾಸಕೋಶಕ್ಕೆ ಮಾರಕ. ನನ್ನ ಅಭಿಪ್ರಾಯ ಕೇಳಿದರೆ, ಇಂಥ ಯಂತ್ರಗಳ ಜಾಗ ಮ್ಯೂಸಿಯಂ. ರಿಪೇರಿ ಮಾಡಿ ಮತ್ತೆ ಮನುಷ್ಯರ ಮೇಲೆ ಬಳಸುವ ಉಳಿತಾಯಬುದ್ಧಿ ಬೇಡ.

ಈಗ ತೊಡಕಿನ ವಿಷಯಕ್ಕೆ ಬರೋಣ. ಕೆಲವು ದೋಷಗಳು ಯಂತ್ರ ಆನ್ ಇರುವಾಗ ಮಾತ್ರ ಕಾಣುತ್ತವೆ. ಆಗ ಮುಚ್ಚಳ ತೆಗೆದು, ಕರೆಂಟ್ ಕೊಟ್ಟು ಅಳೆಯಲೇಬೇಕು. ಅಲ್ಲಿ ಸುರಕ್ಷೆಗೆಂದು ಮಾಡಿದ್ದೇ ತಿರುಗಿಬೀಳುತ್ತದೆ. ಎಲೆಕ್ಟ್ರಾನಿಕ್ಸ್ ಬೋರ್ಡ್ ಮುಟ್ಟುವಾಗ ಸ್ಟ್ಯಾಟಿಕ್ ವಿದ್ಯುತ್ತಿನಿಂದ ಚಿಪ್ ಹಾಳಾಗದಿರಲಿ ಎಂದು ಮಣಿಕಟ್ಟಿಗೆ ಅರ್ಥ್ ಪಟ್ಟಿ ಕಟ್ಟಿಕೊಳ್ಳುವುದನ್ನು ಎಲ್ಲ ತರಬೇತಿಗಳಲ್ಲೂ ಕಲಿಸುತ್ತಾರೆ. ಬೋರ್ಡ್ ಬದಲಾಯಿಸುವಾಗ ಅದು ಬೇಕು. ಕರೆಂಟ್ ಕೊಟ್ಟ ಹೈವೋಲ್ಟೇಜ್ ಸರ್ಕ್ಯೂಟಿನ ಮುಂದೆ ಅದನ್ನು ಬಿಚ್ಚಿಡಬೇಕು. ಮೈಯನ್ನು ಬೇಕೆಂದೇ ಭೂಮಿಗೆ ಕಟ್ಟಿಹಾಕಿಕೊಂಡು ಲೈವ್ ಭಾಗದ ಹತ್ತಿರ ಹೋಗುವುದು ಯಾವ ನ್ಯಾಯ? ಉಂಗುರ, ಲೋಹದ ಪಟ್ಟಿಯ ವಾಚು, ಕೊರಳಿನಿಂದ ಜೋತಾಡುವ ಐಡಿ ಕಾರ್ಡು, ಕೈಗೆ ಕಟ್ಟಿದ ತಾಮ್ರದ ಬಳೆ, ಇವೂ ಆಚೆ. ಕಾಲಡಿಗೆ ಐಎಸ್ 15652 ಮಾನಕದ ಇನ್ಸುಲೇಟಿಂಗ್ ಮ್ಯಾಟ್ ಹಾಸಿರಬೇಕು, ಅಂಗಡಿಯಲ್ಲಿ ಸಿಗುವ ಯಾವುದೋ ಹಾಸು ಅಲ್ಲ.

ಆಸಿಲೋಸ್ಕೋಪಿನದು ಇನ್ನೊಂದು ಕತೆ. ಅದರ ಪ್ರೋಬ್‌ನ ಮೊಸಳೆ ಕ್ಲಿಪ್ ನೇರವಾಗಿ ಭೂಮಿಗೆ ಸೇರಿರುತ್ತದೆ. ಸ್ವಿಚ್ ಮೋಡ್ ಪವರ್ ಸಪ್ಲೈನ ಪ್ರೈಮರಿ ಕಡೆಯ ‘ಗ್ರೌಂಡ್’ ಭೂಮಿಯಲ್ಲ, ಅದು ಮೇನ್ಸ್‌ನಲ್ಲೇ ತೇಲುತ್ತಿರುತ್ತದೆ. ಕ್ಲಿಪ್ ಅಲ್ಲಿಗೆ ಹಾಕಿದ ಕ್ಷಣ ಶಾರ್ಟ್. ಇದನ್ನು ಒಮ್ಮೆ ಅನುಭವಿಸಿದ ಕೆಲವರು ಸ್ಕೋಪಿನ ಪ್ಲಗ್‌ನ ಅರ್ಥ್ ಪಿನ್ ಮುರಿದುಬಿಡುತ್ತಾರೆ. ಆಗ ಶಾರ್ಟ್ ಆಗುವುದಿಲ್ಲ ನಿಜ, ಬದಲಿಗೆ ಸ್ಕೋಪಿನ ಇಡೀ ಲೋಹದ ಮೈ ಲೈವ್ ಆಗುತ್ತದೆ. ಸರಿಯಾದ ದಾರಿ ಎರಡು: ಡಿಫರೆನ್ಷಿಯಲ್ ಪ್ರೋಬ್ ಬಳಸುವುದು, ಇಲ್ಲವೇ ರಿಪೇರಿಯಾಗುತ್ತಿರುವ ಯಂತ್ರಕ್ಕೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಕರೆಂಟ್ ಕೊಡುವುದು. ನಮ್ಮ ರಿಪೇರಿ ಅಂಗಡಿಗಳಲ್ಲಿ ಇರುವ ವೇರಿಯಾಕ್ ಐಸೊಲೇಷನ್ ಕೊಡುವುದಿಲ್ಲ. ಅದರ ಒಳಗಿರುವುದು ಒಂದೇ ಸುತ್ತುವಳಿ. ಸೀರೀಸ್ ಬಲ್ಬ್ ಕೂಡ ಅಷ್ಟೆ. ರಿಪೇರಿಯಾದ ಬೋರ್ಡಿಗೆ ಮೊದಲ ಸಲ ಕರೆಂಟ್ ಕೊಡುವಾಗ ಅದು ಒಳ್ಳೆಯ ಅಭ್ಯಾಸ, ಹೊಸದಾಗಿ ಹಾಕಿದ ಟ್ರಾನ್ಸಿಸ್ಟರುಗಳನ್ನು ಉಳಿಸುತ್ತದೆ, ಕೈಯನ್ನಲ್ಲ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮೇಜಿಗೆ ಇರಲೇಬೇಕು. ಆದರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಾಗಲಿ, ತುಂಬಿದ ಕೆಪಾಸಿಟರಿನ ಎರಡು ತುದಿಗಳ ನಡುವಾಗಲಿ ಸಿಕ್ಕಿಕೊಂಡವರ ನೆರವಿಗೆ ಅದು ಬರುವುದಿಲ್ಲ.

ಔಟ್‌ಪುಟ್ ಅಳೆಯಲು ಹೋದರೆ ಪ್ರೋಬ್‌ಗಳೇ ಬಲಿ. ಸಾಮಾನ್ಯ 10:1 ಪ್ರೋಬ್ ಕೆಲವು ನೂರು ವೋಲ್ಟಿಗೆ ಮಾಡಿದ್ದು, ಅದೂ ಕಡಿಮೆ ಆವರ್ತನದಲ್ಲಿ. ನೂರಾರು ಕಿಲೋಹರ್ಟ್ಸ್‌ಗೆ ಹೋದಂತೆ ಅದು ತಾಳುವ ವೋಲ್ಟೇಜು ಇಳಿಯುತ್ತದೆ. ಹಳೆಯ ಟಿವಿ ಪಿಕ್ಚರ್ ಟ್ಯೂಬಿನ ಹೈವೋಲ್ಟೇಜ್ ಅಳೆಯುವ ಡಿಸಿ ಪ್ರೋಬ್ 30,000 ವೋಲ್ಟ್ ತಾಳಬಲ್ಲದು, ಹಾಗೆಂದು ಅದು ಆರ್‌ಎಫ್‌ಗೆ ಆಗುವುದಿಲ್ಲ. ಸಾಧಾರಣ ಮಲ್ಟಿಮೀಟರ್ ಈ ಆವರ್ತನದಲ್ಲಿ ಸುಳ್ಳು ಹೇಳುತ್ತದೆ ಅಥವಾ ಸಾಯುತ್ತದೆ. ಆವರ್ತನಕ್ಕೆ ತಕ್ಕ ಹೈವೋಲ್ಟೇಜ್ ಪ್ರೋಬ್, ವೈರನ್ನು ಮುಟ್ಟದೆ ಸುತ್ತುವರಿದು ಅಳೆಯುವ ಆರ್‌ಎಫ್ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಥವಾ ಇವೆಲ್ಲ ಒಳಗೇ ಇರುವ ಇಎಸ್‌ಯು (ಎಲೆಕ್ಟ್ರೋಸರ್ಜಿಕಲ್ ಯೂನಿಟ್) ಅನಲೈಸರ್, ಇಷ್ಟೇ ಆಯ್ಕೆ.

ಅನಲೈಸರ್ ಇಲ್ಲದ ಕಡೆ ನಡೆಯುವುದೇನು? ಪೆನ್ಸಿಲನ್ನು ಪ್ಲೇಟಿನ ಹತ್ತಿರ ತಂದು ಕಿಡಿ ಹಾರಿಸಿ ‘ಓಕೆ’ ಎನ್ನುತ್ತಾರೆ. ಒದ್ದೆ ಸೋಪಿನ ಮೇಲೆ ಗೆರೆ ಎಳೆದು ತೋರಿಸುವವರೂ ಉಂಟು. ಕಿಡಿ ಹಾರಿದ್ದರಿಂದ ಯಂತ್ರಕ್ಕೆ ಜೀವವಿದೆ ಎಂದು ತಿಳಿಯುತ್ತದೆಯೇ ಹೊರತು 40 ಎಂದು ಇಟ್ಟರೆ 40 ವಾಟ್ ಬರುತ್ತಿದೆಯೇ, 90 ಬರುತ್ತಿದೆಯೇ ಎಂಬುದಲ್ಲ. ಐಇಸಿ 60601-2-2 ಮಾನಕದ ಪ್ರಕಾರ ಸೆಟ್ ಮಾಡಿದ್ದಕ್ಕೂ ಬರುವುದಕ್ಕೂ ಶೇಕಡ 20ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಿಡಿಯ ಪರೀಕ್ಷೆ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಹಿಂಸಿಸುತ್ತದೆ. ಥಿಯೇಟರಿನಲ್ಲಿ ಸ್ಪಿರಿಟ್ ಹಾಕಿ ಒರೆಸಿದ ಟ್ರಾಲಿಯ ಪಕ್ಕದಲ್ಲಿ ಮಾಡಿದರೆ ಬೆಂಕಿಯನ್ನೂ ಕರೆಯುತ್ತದೆ. ಇಷ್ಟು ಕೆಟ್ಟದಾದ ಪರೀಕ್ಷೆ ಇಷ್ಟು ಜನಪ್ರಿಯವಾಗಿರುವುದಕ್ಕೆ ಕಾರಣ ಒಂದೇ: ಅನಲೈಸರ್ ದುಬಾರಿ, ಸೋಪು ಅಗ್ಗ.

ಸರಿಯಾದ ಪರೀಕ್ಷೆಯಲ್ಲಿ ಯಂತ್ರದ ಔಟ್‌ಪುಟ್ ನಿಗದಿತ ಲೋಡಿಗೆ ಹೋಗುತ್ತದೆ. ಕಟ್‌ಗೆ ಸುಮಾರು 300 ಓಮ್, ಕೋಯಾಗ್‌ಗೆ 500, ಚಿಮುಟದ ಎರಡು ತುದಿಗಳ ನಡುವೆಯೇ ಹರಿಯುವ ಬೈಪೋಲಾರ್‌ಗೆ 100 ಓಮ್ ಎಂಬುದು ಬಹಳ ಯಂತ್ರಗಳ ಲೆಕ್ಕ. ನಿಖರ ಬೆಲೆ ಮ್ಯಾನ್ಯುಯಲ್‌ನಲ್ಲಿರುತ್ತದೆ. ಲೋಡ್ ರೆಸಿಸ್ಟರು ಸುರುಳಿ ಸುತ್ತಿದ ಸಾಮಾನ್ಯ ವೈರ್‌ವೌಂಡ್ ಆಗಿರಬಾರದು. ಆರ್‌ಎಫ್‌ಗೆ ಅದು ರೆಸಿಸ್ಟರ್ ಜತೆಗೆ ಕಾಯಿಲ್ ಕೂಡ. ಲೀಡುಗಳು ಗಿಡ್ಡವಾಗಿ, ಒಂದಕ್ಕೊಂದು ತಾಗದಂತೆ ಇರಲಿ. ಹತ್ತು ಸೆಕೆಂಡ್ ಆನ್, ಮೂವತ್ತು ಸೆಕೆಂಡ್ ಆಫ್. ಎಲ್ಲ ಜೋಡಣೆಯನ್ನೂ ಯಂತ್ರ ಸ್ಟ್ಯಾಂಡ್‌ಬೈನಲ್ಲಿದ್ದಾಗ ಮುಗಿಸಿ, ಪೆಡಲನ್ನು ಕಡೆಯಲ್ಲಿ ಸಿಕ್ಕಿಸಬೇಕು. ಮೇಜಿನಡಿ ಬಿದ್ದ ಪೆಡಲ್ ಮೇಲೆ ಕಾಲಿಟ್ಟೋ, ಕುರ್ಚಿಯ ಚಕ್ರ ಹತ್ತಿಸಿಯೋ ಆಗುವ ಅನಾಹುತ ತಪ್ಪಿಸಲು ಅದನ್ನು ಮೇಜಿನ ಮೇಲಿಟ್ಟು ಕೈಯಿಂದ ಒತ್ತುವುದೇ ಒಳ್ಳೆಯದು. ಔಟ್‌ಪುಟ್ ಆನ್ ಆದಾಗ ಬರುವ ‘ಕೀ’ ಸದ್ದು ಕಿರಿಕಿರಿಯೆಂದು ಸ್ಪೀಕರ್ ವೈರ್ ತೆಗೆದು ಕೆಲಸ ಮಾಡುವುದು ಶುದ್ಧ ಮೂರ್ಖತನ. ಕಣ್ಣು ಬೇರೆ ಕಡೆ ಇದ್ದಾಗಲೂ ಲೈವ್ ಇದೆಯೆಂದು ಹೇಳುವುದು ಅದೊಂದೇ. ವೈರ್ ಮತ್ತೆ ಹಾಕಲು ಮರೆತರೆ ಆ ಮೂಕ ಯಂತ್ರ ಥಿಯೇಟರಿಗೆ ಹೋಗುತ್ತದೆ.

ಇಲ್ಲಿಂದಾಚೆಗೆ ತಂತ್ರಜ್ಞರ ಸುರಕ್ಷೆ, ರೋಗಿಯ ಸುರಕ್ಷೆ ಎಂದು ಗೆರೆ ಎಳೆಯಲಾಗದು. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೂ ರೋಗಿಗೂ ನಡುವೆ ಸಾಲಾಗಿ ಕೂತ ಕೆಲವು ಪುಟ್ಟ ಕೆಪಾಸಿಟರುಗಳಿರುತ್ತವೆ. ಪೆನ್ಸಿಲಿನಿಂದ ಪ್ಲೇಟಿಗೆ ಹರಿಯುವ ಮಾನೋಪೋಲಾರ್ ಔಟ್‌ಪುಟ್ಟಿನಲ್ಲಿ ಅವುಗಳ ಒಟ್ಟು ಬೆಲೆ 5 ನ್ಯಾನೋಫ್ಯಾರಡ್ ಮೀರಬಾರದು ಎಂಬುದು ಮಾನಕದ ಕಟ್ಟು. ತುದಿಯಲ್ಲಿ ಕಿಡಿ ಹಾರುವಾಗ ಆರ್‌ಎಫ್‌ನ ಒಂದಂಶ ಕಡಿಮೆ ಆವರ್ತನದ ಕರೆಂಟಾಗಿ ಬದಲಾಗುತ್ತದೆ. ಅದು ಸ್ನಾಯುವನ್ನು ಕುಣಿಸಬಲ್ಲದು. ಈ ಕೆಪಾಸಿಟರುಗಳು ಅದನ್ನು ತಡೆಯುತ್ತವೆ. ಅಂಥದ್ದೊಂದು ಹೋದಾಗ ಅಂಗಡಿಯಲ್ಲಿ ಸಿಕ್ಕಿದ, ಹೆಚ್ಚು ನ್ಯಾನೋಫ್ಯಾರಡ್‌ನದನ್ನು ಹಾಕಿದರೆ ಔಟ್‌ಪುಟ್ ಬರುತ್ತದೆ, ಕಿಡಿ ಹಾರುತ್ತದೆ, ಸೋಪಿನ ಮೇಲೆ ಗೆರೆಯೂ ಮೂಡುತ್ತದೆ. ಮೂತ್ರಕೋಶದ ಗೋಡೆಯ ಗಡ್ಡೆ ಕೆರೆಯುತ್ತಿರುವ ಸರ್ಜನ್‌ಗೆ ರೋಗಿಯ ಕಾಲು ಏಕಾಏಕಿ ಒದೆಯುವುದು ಆಗ. ಕಡಿಮೆ ವೋಲ್ಟೇಜ್ ತಾಳುವುದನ್ನು ಹಾಕಿದ್ದರೆ ಅದು ಶಾರ್ಟ್ ಆಗಿ ಆ ತಡೆಯೇ ಇಲ್ಲವಾಗುತ್ತದೆ.

ಹೀಗೆಯೇ, ಪ್ಲೇಟಿನ ಅಲಾರಂ ಪದೇ ಪದೇ ಹೊಡೆಯುತ್ತದೆಂದು ಕನೆಕ್ಟರಿನೊಳಗೆ ಒಂದು ರೆಸಿಸ್ಟರ್ ಬೆಸೆದು ಅದರ ಬಾಯಿ ಮುಚ್ಚಿಸುವ ತೇಪೆ ಕೆಲಸ. ಎರಡು ಹೋಳಿನ ಪ್ಲೇಟ್ ಬಳಸುವ ಯಂತ್ರ ಆ ಹೋಳುಗಳ ನಡುವಿನ ರೋಧವನ್ನು ಅಳೆಯುತ್ತಲೇ ಇರುತ್ತದೆ. ಒಂದು ಪ್ರಸಿದ್ಧ ವಿನ್ಯಾಸದಲ್ಲಿ ಅದು 5ರಿಂದ 135 ಓಮ್ ಒಳಗಿರಬೇಕು, ಆರಂಭದ ಬೆಲೆಗಿಂತ ಶೇಕಡ 40 ಏರಿದರೂ ಅಲಾರಂ. ಪ್ಲೇಟ್ ಅರ್ಧ ಕಿತ್ತುಬಂದಾಗ ರೋಗಿಯನ್ನು ಕಾಯುವುದು ಇದೊಂದೇ. ಬೆಸೆದ ರೆಸಿಸ್ಟರ್ ಎಲ್ಲವೂ ಸರಿಯಿದೆ ಎಂದು ಯಂತ್ರಕ್ಕೆ ಸುಳ್ಳು ಹೇಳುತ್ತಲೇ ಇರುತ್ತದೆ. ಅರಿವಳಿಕೆಯಲ್ಲಿರುವ ರೋಗಿ ನೋವೆಂದು ಕೂಗಲಾರರು.

ಮುಚ್ಚಳ ಮುಚ್ಚುವುದರಲ್ಲೂ ತಪ್ಪಲು ಅವಕಾಶವಿದೆ. ಒಳಗಿನ ವೈರುಗಳು ಸುಮ್ಮನೆ ಹೇಗೋ ಹಾದುಹೋಗಿರುವುದಿಲ್ಲ. ಔಟ್‌ಪುಟ್ ವೈರು ಚಾಸಿಗೆ ಎಷ್ಟು ಹತ್ತಿರ ಎಂಬುದರ ಮೇಲೆ ಆರ್‌ಎಫ್ ಸೋರಿಕೆ ನಿಂತಿದೆ. ಕಟ್ಟಿದ್ದ ಟ್ಯಾಗ್ ಕತ್ತರಿಸಿ, ವೈರನ್ನು ಒತ್ತಿ ತುರುಕಿ, ಪ್ಲಾಸ್ಟಿಕ್ ಹಾಳೆಯನ್ನು ‘ಎಕ್ಸ್‌ಟ್ರಾ’ ಎಂದು ಕಸದಬುಟ್ಟಿಗೆ ಹಾಕಿದರೆ ಸೋರಿಕೆ ಏರುತ್ತದೆ. 200 ಓಮ್ ಮೂಲಕ ಅಳೆದಾಗ ಅದು 150 ಮಿಲಿಆಂಪಿಯರ್ ದಾಟಬಾರದು. ಆ ಮಿತಿಯಲ್ಲೇ ನಾಲ್ಕೂವರೆ ವಾಟ್ ಆಗುತ್ತದೆ. ಸಣ್ಣ ಜಾಗದಲ್ಲಿ ಅಷ್ಟೂ ಕಡಿಮೆಯಲ್ಲ. ಆದ್ದರಿಂದ ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕು ಫೋಟೋ ತೆಗೆದಿಡುವುದು ಈ ಕಾಲ ಕೊಟ್ಟಿರುವ ಒಳ್ಳೆಯ ಸುರಕ್ಷಾ ಉಪಕರಣ. ರಿಪೇರಿಯಾದ ಮೇಲೆ ಐಇಸಿ 62353ರ ಪ್ರಕಾರ ಅರ್ಥ್ ರೋಧ, ಇನ್ಸುಲೇಷನ್, ಸೋರಿಕೆ ಎಲ್ಲವನ್ನೂ ಅಳೆದು ದಾಖಲಿಸಬೇಕು. ಪವರ್ ಕಾರ್ಡ್ ಸೇರಿ ಅರ್ಥ್ ರೋಧ 0.3 ಓಮ್ ಮೀರಬಾರದು. ಹೊಸ ಯಂತ್ರಕ್ಕೆ ಐಇಸಿ 60601-1 ವಿಧಿಸುವ ಮಿತಿ ಇನ್ನೂ ಬಿಗಿ: ಹೃದಯಕ್ಕೆ ತಗುಲಬಲ್ಲ ಸಿಎಫ್ ವರ್ಗದಲ್ಲಿ ರೋಗಿಗೆ ಸೋರುವ ಮೇನ್ಸ್ ಆವರ್ತನದ ಕರೆಂಟು ಸಹಜ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್, ಒಂದು ದೋಷವಿದ್ದಾಗ 50.

ವಿದ್ಯುತ್ತಲ್ಲದ ಅಪಾಯವನ್ನು ಮರೆಯುವುದು ಸುಲಭ. ಥಿಯೇಟರಿನಿಂದ ಬಂದ ಪೆಡಲಿನ ಸಂದಿಯಲ್ಲಿ, ಪೆನ್ಸಿಲ್ ಸಾಕೆಟಿನ ಅಂಚಿನಲ್ಲಿ ಒಣಗಿದ ರಕ್ತವಿರುತ್ತದೆ. ಸೋಂಕು ನಿವಾರಣೆ ಮಾಡಿ ಚೀಟಿ ಹಚ್ಚಿ ಕಳಿಸದ ಯಂತ್ರವನ್ನು ವರ್ಕ್‌ಶಾಪ್ ಒಪ್ಪಿಕೊಳ್ಳಬಾರದು. ಒರೆಸಿದ ದ್ರವ ಪೂರ್ತಿ ಆರುವವರೆಗೆ ಕರೆಂಟ್ ಕೊಡಲೂ ಬಾರದು.

ಇಷ್ಟೆಲ್ಲ ಬಲ್ಲವರೂ ಎಡವುತ್ತಾರೆ, ಮತ್ತು ಅದಕ್ಕೆ ಯಾವಾಗಲೂ ಅಜಾಗ್ರತೆಯೇ ಕಾರಣವಲ್ಲ. ಹೊರಗೆ ಸರ್ಜನ್ ಕಾಯುತ್ತಿದ್ದಾರೆ, ಟೇಬಲ್ ಮೇಲೆ ರೋಗಿ ಇದ್ದಾರೆ, ಆಡಳಿತದವರು ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಾರೆ. ಆಗ ಐದು ನಿಮಿಷ ಕಾಯುವ ನಿಯಮ ಮೊದಲು ಹಾರಿಹೋಗುತ್ತದೆ. ಒಂದು ಹೆಚ್ಚುವರಿ ಯಂತ್ರ ಇಟ್ಟುಕೊಂಡ ಆಸ್ಪತ್ರೆ ತನ್ನ ಎಂಜಿನಿಯರಿನ ಜೀವಕ್ಕೆ ವಿಮೆ ಮಾಡಿಸಿದಂತೆ. ಸರ್ವಿಸ್ ಮ್ಯಾನ್ಯುಯಲ್ ಕೊಡದ ಕಂಪನಿಗಳ ಪಾಲೂ ಇದರಲ್ಲಿದೆ. ಸರ್ಕ್ಯೂಟ್ ನಕ್ಷೆ ಇದ್ದರೆ ಯಂತ್ರ ಆಫ್ ಇದ್ದಾಗಲೇ ಓಮ್ ಮೀಟರಿನಿಂದ ಹಿಡಿಯಬಹುದಾದ ದೋಷವನ್ನು, ನಕ್ಷೆ ಇಲ್ಲದವರು ಲೈವ್‌ನಲ್ಲಿ ತಡಕಾಡಿ ಹುಡುಕಬೇಕಾಗುತ್ತದೆ. ವ್ಯಾಪಾರದ ಗುಟ್ಟು ಕಾಯಲು ಇನ್ನೊಬ್ಬರ ಪ್ರಾಣ ಪಣಕ್ಕಿಡುವುದು ಸರಿಯಲ್ಲ. ನಮ್ಮ 2017ರ ವೈದ್ಯಕೀಯ ಉಪಕರಣ ನಿಯಮಗಳು ತಯಾರಿಕೆ, ಆಮದು, ಮಾರಾಟಗಳ ಮೇಲೆ ಹೆಚ್ಚು ಗಮನ ಇಟ್ಟಿವೆ. ಮಾರಿದ ಮೇಲಿನ ರಿಪೇರಿಯ ಗುಣಮಟ್ಟ ಬಹುಮಟ್ಟಿಗೆ ಆಸ್ಪತ್ರೆಯ ಆತ್ಮಸಾಕ್ಷಿಗೆ ಬಿಟ್ಟ ವಿಷಯ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳ ಉಪಕರಣ ನಿರ್ವಹಣೆಗೆ ಕಾರ್ಯಕ್ರಮ ಬಂತು. ಉಪಕರಣಗಳಿಂದಾದ ಅನಾಹುತ ವರದಿ ಮಾಡಲು 2015ರಲ್ಲಿ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಯಿತು. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಕಾಟರಿಯಿಂದ ರೋಗಿಗೆ ಸುಟ್ಟಗಾಯವಾದರೆ ಅಲ್ಲಿಗೆ ತಿಳಿಸಲು ದಾರಿಯಿದೆ ಎಂಬುದೇ ಎಷ್ಟೋ ನರ್ಸಿಂಗ್ ಹೋಂಗಳಿಗೆ ಗೊತ್ತಿಲ್ಲ.

ಹೈವೋಲ್ಟೇಜ್ ಕೆಲಸವನ್ನು ಒಬ್ಬರೇ ಮಾಡಬಾರದು. ಪಕ್ಕದಲ್ಲಿರುವವರಿಗೆ ಎಲೆಕ್ಟ್ರಾನಿಕ್ಸ್ ಗೊತ್ತಿರಬೇಕಿಲ್ಲ, ಮೇನ್ ಸ್ವಿಚ್ ಎಲ್ಲಿದೆ ಎಂಬುದು ಗೊತ್ತಿರಬೇಕು. ಶಾಕ್ ಹೊಡೆದವರನ್ನು ಕೈಹಿಡಿದು ಎಳೆಯದೆ ಮೊದಲು ಸ್ವಿಚ್ ಆಫ್ ಮಾಡಬೇಕು, ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಬೇಕು. ಆಸ್ಪತ್ರೆಯೊಳಗೇ ಇದ್ದರೆ ಡಿಫಿಬ್ರಿಲೇಟರ್ ಹತ್ತಿರದಲ್ಲೇ ಇರುತ್ತದೆ, ಹೊರಗಿನ ವರ್ಕ್‌ಶಾಪ್ ಆದರೆ 108. ಆರ್‌ಎಫ್ ಸುಟ್ಟಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ವೈದ್ಯರಿಗೆ ತೋರಿಸಿ. ಆಸ್ಪತ್ರೆ ನಡೆಸುವವರಿಗೂ ಥಿಯೇಟರ್ ಸಿಸ್ಟರ್‌ಗಳಿಗೂ ಒಂದು ಕೋರಿಕೆ: ರಿಪೇರಿಯಾಗಿ ಬಂದ ಕಾಟರಿಯ ಜತೆ ವಾಟ್, ಸೋರಿಕೆ, ಅರ್ಥ್ ರೋಧ, ಪ್ಲೇಟ್ ಅಲಾರಂಗಳ ಅಳತೆಯ ಹಾಳೆ ಸಹಿಯೊಂದಿಗೆ ಬಂದಿದೆಯೇ ಕೇಳಿ. ಇಲ್ಲದಿದ್ದರೆ ಬಿಲ್ ಪಾಸ್ ಮಾಡಬೇಡಿ, ಯಂತ್ರವನ್ನು ಥಿಯೇಟರಿನೊಳಗೆ ಬಿಟ್ಟುಕೊಳ್ಳಬೇಡಿ.